ಸಂಪಾದಕರ ಉತ್ತರ: ರಾಜೀನಾಮೆ ಕೊಟ್ಟರೆ ಮುಗಿಯಿತಾ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ಲಂಚದ ಕೇಸಿನಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟ ನಗರಸೇವಕರಿಗೆ ನಮ್ಮ ಸಂಘ ಸನ್ಮಾನ ಮಾಡಿದ್ದನ್ನು ನೀವು ಗೇಲಿ ಮಾಡಿದ್ದೀರಿ. ಕುರ್ಚಿ ಬಿಟ್ಟಾಯಿತಲ್ಲ, ಇನ್ನೇನು ಶಿಕ್ಷೆ ಬೇಕು? ಉಳಿದದ್ದನ್ನು ಮತದಾರರು ನೋಡಿಕೊಳ್ಳುತ್ತಾರೆ."

ನಿಮ್ಮ ಕಾಗದ ಓದಿ ಸಂತೋಷವಾಯಿತು. ನಾಲ್ಕು ಪುಟ ಕೈಬರಹ, ಒಂದೂ ಒತ್ತಕ್ಷರ ತಪ್ಪಿಲ್ಲ. ಈಗ ಯಾರು ಹೀಗೆ ಬರೆಯುತ್ತಾರೆ? ಮತದಾರರೇ ದೊಡ್ಡವರು ಎಂಬ ಮಾತೂ ಸರಿ. ಆದರೆ "ಕುರ್ಚಿ ಬಿಟ್ಟಾಯಿತಲ್ಲ" ಎಂದಿರಲ್ಲ, ಆಗ ನನಗೆ ಹುಚ್ಚೇಶ್ವರ ಗುರುಸಿದ್ದ ಮುದ್ಗಲ್ ನೆನಪಾದರು.

ಹೆಸರು ಕೇಳಿದರೇ ಯಾವ ಸೀಮೆಯವರೆಂದು ಗೊತ್ತಾಗುತ್ತೆ, ಅಲ್ವಾ? ನ್ಯೂಯಾರ್ಕಿನಲ್ಲಿ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವೆಯ 'ನೀಗ್ರೋ ವರ್ಲ್ಡ್' ಪತ್ರಿಕೆಗೆ ಸಂಪಾದಕರಾಗಿದ್ದವರು. ನನ್ನ ಕಸುಬಿನವರೇ! ಆಮೇಲೆ ಮುಂಬಯಿಯಿಂದ ಸಂಸತ್ತಿಗೆ ಹೋದರು. ಬಾಂಬೆ ಬುಲಿಯನ್ ಅಸೋಸಿಯೇಷನ್, ಅಂದರೆ ಇಲ್ಲಿಯ ಚಿನ್ನ ಬೆಳ್ಳಿ ವ್ಯಾಪಾರಿಗಳ ಸಂಘದಿಂದ ದುಡ್ಡು ಪಡೆದು ಅವರ ಪರ ಪ್ರಶ್ನೆ ಕೇಳಿದರು. 1951ರಲ್ಲಿ ನೆಹರೂ ಅವರೇ ತಮ್ಮ ಪಕ್ಷದ ಈ ಸದಸ್ಯನ ಮೇಲೆ ಸಮಿತಿ ಕೂರಿಸಿದರು. ಹೊರಹಾಕುವ ನಿರ್ಣಯ ಬಂದಾಗ ಮುದ್ಗಲ್ ರಾಜೀನಾಮೆ ಬರೆದುಕೊಟ್ಟರು. ಈಗಾಗಿದ್ದರೆ ಎಲ್ಲರೂ ಚಹಾ ಕುಡಿದು ಎದ್ದುಬಿಡುತ್ತಿದ್ದರು. ಸದನ ಬಿಡಲಿಲ್ಲ. ಇವರು ಹೊರಹಾಕಲು ತಕ್ಕವರೇ, ರಾಜೀನಾಮೆ ಪತ್ರದ ಮಾತುಗಳೇ ಸದನಕ್ಕೆ ಅವಮಾನ, ಅದರಿಂದ ತಪ್ಪು ಇನ್ನೂ ಜಾಸ್ತಿಯಾಗಿದೆ ಎಂದು ಬರೆದಿಟ್ಟಿತು. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆಗೆ ದುಡ್ಡು ತಗೊಂಡು ಕ್ಯಾಮೆರಾಕ್ಕೆ ಸಿಕ್ಕಿಬಿದ್ದ 11 ಸಂಸದರನ್ನು ಅದೇ ತಿಂಗಳಲ್ಲಿ ಹೊರಹಾಕಿದಾಗಲೂ ಉದಾಹರಣೆಗೆ ಸಿಕ್ಕಿದ್ದು ಆ ಹಳೇ ಪುಟವೇ.

ಹಾಗೆ ಬರೆದಿಡದಿದ್ದರೆ ಏನಾಗುತ್ತೆ ಗೊತ್ತಾ? ಆರು ತಿಂಗಳಿಗೆ ಮನುಷ್ಯ 'ಮಾಜಿ' ಆಗುತ್ತಾನೆ, ವರ್ಷಕ್ಕೆ 'ಜನಪ್ರಿಯ ಮಾಜಿ'. ಅಂತುಳೆ ತಮ್ಮ ಟ್ರಸ್ಟಿಗೆ ದೇಣಿಗೆ ಪಡೆದು ಸಿಮೆಂಟ್ ಕೋಟಾ ಕೊಟ್ಟ ವಿಚಾರದಲ್ಲಿ ಹೈಕೋರ್ಟ್ ತೀರ್ಪು ಬಂದ ಮೇಲೆ 1982ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಮುಂದೆ ದೆಹಲಿಯಲ್ಲಿ ಮಂತ್ರಿಯಾದರು.

ಹಾಗಂತ ನಾನೇನು ಸಾಚಾ ಅಲ್ಲ. ಹಿಂದೊಮ್ಮೆ ಇಂಥವರೊಬ್ಬರಿಗೆ ಸನ್ಮಾನಪತ್ರ ಬರೆದುಕೊಟ್ಟವನು ನಾನೇ. ಕೇಸಿನ ವಿಷಯ ಗೊತ್ತಿತ್ತು. ಅವರಿಂದ ಸಂಘಕ್ಕೆ ಹಾಲ್ ಪುಕ್ಕಟೆ ಸಿಗುತ್ತಿತ್ತು, ಸುಮ್ನಿದ್ದೆ. ನಾನು "ಕಳಂಕರಹಿತ ನಾಯಕ" ಅಂತ ಬರೆದಿದ್ದೆ. ಕಾರ್ಯದರ್ಶಿ ಪ್ರೆಸ್ಸಿಗೆ ಕಳಿಸುವಾಗ ಅದನ್ನು ಹೊಡೆದುಹಾಕಿ "ಕಳಕಳಿಯ ನಾಯಕ" ಮಾಡಿದರು. ಅವರಿಗೆ ನನಗಿಂತ ಜಾಸ್ತಿ ನಾಚಿಕೆ ಇತ್ತು.

ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ರಾತ್ರಿ ಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಅವತ್ತು ಎಂಟನೇ ಸಾಲಿನಲ್ಲಿ ಕೂತಿದ್ದರು. ಊಟದ ಕೂಪನ್ ಮುಗಿದಿದೆ ಅಂತ ಅವರಿಗೆ ಹೇಳಿದ್ದೂ ನಾವೇ.

ನಿಮ್ಮ ವಾರ್ಷಿಕೋತ್ಸವಕ್ಕೆ ಕರೆಯಿರಿ, ಖಂಡಿತ ಬರುತ್ತೇನೆ. ಸನ್ಮಾನಪತ್ರ ಮಾತ್ರ ಕೇಳಬೇಡಿ.

– ಸಂ.