ಎಡಚರಿಗೆ ಯಾವ ಸಾಮಾನು ಬೇರೆಯೇ ಬೇಕು, ಯಾವುದು ಬೇಡ?

ಮೊದಲು ಕತ್ತರಿ. ಸಾಧಾರಣ ಕತ್ತರಿಯನ್ನು ಬಲಗೈಯಲ್ಲಿ ಹಿಡಿದಾಗ ಬೆರಳುಗಳ ಒತ್ತಡಕ್ಕೆ ಎರಡೂ ಅಲಗು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಎಡಗೈಯಲ್ಲಿ ಅದೇ ಒತ್ತಡಕ್ಕೆ ಅಲಗುಗಳ ನಡುವೆ ಸಂದು ಬಿದ್ದು, ಬಟ್ಟೆಯೋ ಕಾಗದವೋ ತುಂಡಾಗದೆ ಮಡಚಿಕೊಳ್ಳುತ್ತದೆ. ಗುರುತು ಹಾಕಿದ ಗೆರೆಯೂ ಮೇಲಿನ ಅಲಗಿನ ಮರೆಗೆ ಹೋಗುತ್ತದೆ. ‘ಎರಡೂ ಕೈಗೆ’ ಎಂದು ಮಾರುವ ಬಹಳಷ್ಟು ಕತ್ತರಿಗಳಲ್ಲಿ ಹಿಡಿ ಮಾತ್ರ ಸಮ, ಅಲಗು ಬಲಗೈಯದೇ; ನಂಬಬೇಡಿ. ತುದಿ ಮುಂದಕ್ಕಿರುವಂತೆ ಹಿಡಿದು ತೆರೆದು ನೋಡಿ: ಮೇಲಿನ ಅಲಗು ಎಡಬದಿಗಿದ್ದರೆ ಅದು ನಿಜವಾದ ಎಡಗೈ ಕತ್ತರಿ. ಬಲಗೈ ಕತ್ತರಿಗೇ ಒಗ್ಗಿಹೋದವರಿಗೆ ಇದು ಶುರುವಿನಲ್ಲಿ ಸರಿಯಾಗಿ ಕತ್ತರಿಸುವುದಿಲ್ಲ, ಹೆಬ್ಬೆರಳನ್ನು ಅಂಗೈ ಕಡೆಗೆ ಎಳೆಯುವ ಹಳೆಯ ಅಭ್ಯಾಸ ಬಿಡಬೇಕು.

ಚಾಕು ಎರಡೂ ಮಗ್ಗುಲು ಮಸೆದದ್ದಾದರೆ ಯಾವ ಕೈಗೂ ಸರಿ. ಗರಗಸದ ಹಲ್ಲಿನ ಬ್ರೆಡ್ ಚಾಕು ಸಾಮಾನ್ಯವಾಗಿ ಬಲ ಮಗ್ಗುಲು ಮಾತ್ರ ಮಸೆದಿರುತ್ತದೆ, ಎಡಗೈಯಲ್ಲಿ ತುಂಡು ಓರೆಯಾಗುತ್ತದೆ. ಅದೊಂದನ್ನು ಎಡ ಮಗ್ಗುಲು ಮಸೆದದ್ದೇ ಕೊಳ್ಳಿ.

ಬರೆದದ್ದರ ಮೇಲೆ ಕೈ ಉಜ್ಜುವುದರಿಂದ ಪೆನ್ನಿಗೆ ಬೇಗ ಒಣಗುವ ಶಾಯಿ ಮುಖ್ಯ. ದಪ್ಪ ಗೆರೆಯ ಜೆಲ್ ಪೆನ್ನು ಬೇಡ.

ಮೌಸ್‌ಗೆ ಹೆಚ್ಚು ಖರ್ಚು ಬೇಕಿಲ್ಲ. ಎರಡೂ ಬದಿ ಒಂದೇ ಆಕಾರವಿರುವುದನ್ನು ಕೊಂಡು, ಸೆಟ್ಟಿಂಗ್ಸ್‌ನಲ್ಲಿ ಬಟನ್ ಅದಲುಬದಲು ಮಾಡಿದರೆ ಸಾಕು.