ಪರ್ಸಿಸ್ಟೆಂಟ್ ಏಟ್ರಿಯಲ್ ಫಿಬ್ರಿಲೇಶನ್‌ಗೆ ಅಬ್ಲೇಶನ್ (ಹೃದಯದೊಳಗಿನ ಸಣ್ಣ ಜಾಗಗಳನ್ನು ಸುಡುವ ಚಿಕಿತ್ಸೆ) ಮಾಡುವಾಗ ಜಾಸ್ತಿ ಕಡೆ ಸುಟ್ಟರೆ ಜಾಸ್ತಿ ಗುಣ ಆಗುತ್ತಾ?

ಇಲ್ಲ. ಹೃದಯದ ಅಡ್ಡಾದಿಡ್ಡಿ ಬಡಿತ (ಏಟ್ರಿಯಲ್ ಫಿಬ್ರಿಲೇಶನ್) 7 ದಿನ ಮೀರಿ ಉಳಿದಿದ್ದರೂ, ಅಂದರೆ ಪರ್ಸಿಸ್ಟೆಂಟ್ ಆಗಿದ್ದರೂ, ಮೊದಲ ಅಬ್ಲೇಶನ್‌ನಲ್ಲಿ ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಿ ಸುತ್ತ ಸುಟ್ಟರೆ ಸಾಮಾನ್ಯವಾಗಿ ಸಾಕು. ಬಡಿತ ಕೆಡಿಸುವ ವಿದ್ಯುತ್ ಹೆಚ್ಚಾಗಿ ಹುಟ್ಟುವುದು ಆ ನಾಳಗಳಲ್ಲೇ. ಸುಟ್ಟ ಗಾಯದ ಕಲೆಯನ್ನು ದಾಟಿ ಅದು ಹೃದಯಕ್ಕೆ ಬರಲಾರದು.

ಹಾಗಾದರೆ ಹೃದಯದ ಬೇರೆ ಕಡೆಯೂ ಸುಟ್ಟು ಇನ್ನೂ ನಾಲ್ಕು ಗೆರೆ ಎಳೆದರೆ ಒಳ್ಳೆಯದೇ ಅಲ್ವಾ? ತೊಂದರೆ ಇರುವುದೇ ಇಲ್ಲಿ. ಗೆರೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ವಿದ್ಯುತ್ ಅಲ್ಲಿಂದ ನುಸುಳಿ, ಕಲೆಯ ಸುತ್ತ ಗಿರಗಿರ ತಿರುಗಿ, ಹೊಸದೊಂದು ವೇಗದ ಬಡಿತ ಶುರುಮಾಡಬಹುದು. 2015ರಲ್ಲಿ ಪ್ರಕಟವಾದ ಸ್ಟಾರ್ ಎಎಫ್ 2 ಅಧ್ಯಯನದಲ್ಲಿ 589 ರೋಗಿಗಳಿದ್ದರು. ಹೆಚ್ಚುವರಿ ಸುಟ್ಟವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಸುಮ್ನೆ ಸಮಯ ಜಾಸ್ತಿ ಹಿಡಿಯಿತು. ನಾಳಗಳ ಸುತ್ತಿನ ಕೆಲಸ ಪಕ್ಕಾ ಆಗಿದ್ದೂ ಬಡಿತ ಮತ್ತೆ ಕೆಟ್ಟರೆ, ಆಗ ಬೇರೆ ಜಾಗಗಳನ್ನು ಹುಡುಕುತ್ತಾರೆ.