ಕಿತ್ತಳೆ ದೈತ್ಯ ಇಷ್ಟು ಮಂಕೇಕೆ?

ವಿರಾಜಪೇಟೆಯ ತೋಟದಿಂದ ನೀವು ನೋಡಿದ ನಕ್ಷತ್ರವನ್ನು ಪಟ್ಟಿಯಲ್ಲಿ ‘ಕಿತ್ತಳೆ ದೈತ್ಯ’ (ಸೂರ್ಯನಿಗಿಂತ ತಂಪಾದ, ಉಬ್ಬಿ ಬಹಳ ದೊಡ್ಡದಾದ ನಕ್ಷತ್ರ) ಎಂದು ಬರೆದಿದ್ದರೂ ಅದು ಬರಿಗಣ್ಣಿಗೆ ಮಂಕಾಗಿ, ಬೆಳ್ಳಗೆ ಕಾಣುವುದೇಕೆ ಎಂದು ಕೇಳಿದ್ದೀರಿ. ಮಂಕಿಗೆ ಕಾರಣ ದೂರ.

ಅದೇ ಜಾತಿಯ ಸ್ವಾತಿಯನ್ನು ನೋಡಿ. ಮೇ ತಿಂಗಳಲ್ಲಿ ಮಳೆಮೋಡ ಕವಿಯುವ ಮೊದಲು, ರಾತ್ರಿ ಹತ್ತು ದಾಟಿದ ಮೇಲೆ ನಮ್ಮ ಕೊಡಗಿನಲ್ಲಿ ಅದು ನೆತ್ತಿಯ ಹತ್ತಿರವೇ ಇರುತ್ತದೆ. ಮೇಲ್ಮೈ ತಾಪ ಸುಮಾರು 4300 ಕೆಲ್ವಿನ್; ಸೂರ್ಯನ ಮೇಲ್ಮೈಯ ಒಂದು ತುಂಡು ಸೂಸುವ ಶಕ್ತಿಯಲ್ಲಿ ಮೂರನೇ ಒಂದು ಪಾಲೂ ಸ್ವಾತಿಯ ಮೇಲ್ಮೈಯ ಅಷ್ಟೇ ದೊಡ್ಡ ತುಂಡಿನಿಂದ ಹೊಮ್ಮುವುದಿಲ್ಲ. ಆದರೆ ತ್ರಿಜ್ಯ ಸೂರ್ಯನ 25 ಪಟ್ಟು! ಹಾಗಾಗಿ ಒಟ್ಟು ಪ್ರಕಾಶ ಸೂರ್ಯನ ಸುಮಾರು 170 ಪಟ್ಟು. ದ್ರವ್ಯರಾಶಿ ಮಾತ್ರ ಹೆಚ್ಚುಕಡಿಮೆ ಸೂರ್ಯನಷ್ಟೇ. ಅದರ ಸರಾಸರಿ ಸಾಂದ್ರತೆ ಮಡಿಕೇರಿಯ ಗಾಳಿಗಿಂತಲೂ ಕಡಿಮೆ ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಸ್ವಾತಿ 37 ಜ್ಯೋತಿರ್ವರ್ಷ ದೂರದಲ್ಲಿದೆ. ಅದನ್ನೇ 370ಕ್ಕೆ ಸರಿಸಿದರೆ ಬೆಳಕು ನೂರರಲ್ಲೊಂದು ಪಾಲಾಗಿ, ಐದನೆಯ ಕಾಂತಿಮಾನಕ್ಕೆ, ಅಂದರೆ ಬರಿಗಣ್ಣಿಗೆ ಮಂಕಾಗಿ ಕಾಣುವ ಮಟ್ಟಕ್ಕೆ, ಇಳಿಯುತ್ತದೆ.

ಇನ್ನು ಬಣ್ಣ: ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು. ಬೈನಾಕ್ಯುಲರ್ ಹಿಡಿದು, ಫೋಕಸ್ ತುಸು ತಪ್ಪಿಸಿ ನೋಡಿ; ಚುಕ್ಕಿ ಹರಡಿಕೊಂಡಾಗ ಕಿತ್ತಳೆ ಛಾಯೆ ಸುಲಭವಾಗಿ ಕಾಣುತ್ತದೆ.